ತೆರಿಗೆ ಕೂಡಿಸುವಾಗ ಅಮ್ಮ, ರಸೀದಿ ಬರೆಯುವಾಗ ಅಪ್ಪ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ಆದಾಯ ತೆರಿಗೆ ರಿಟರ್ನ್ಸ್ ಬಗ್ಗೆ ಪತ್ರಿಕೆಗಳಲ್ಲಿ ಬರಹಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಏನು ಮಾಡಬೇಕು, ಮನೆ ಸಾಲ ಯಾರ ಹೆಸರಲ್ಲಿದ್ದರೆ ಒಳ್ಳೆಯದು, ಇಂಥವನ್ನೆಲ್ಲ ನಾನು ತಪ್ಪದೇ ಓದುತ್ತೇನೆ. ಬೇರೆಯಾದ ಗಂಡ ಹೆಂಡತಿ ಮಕ್ಕಳ ಖರ್ಚನ್ನು ತೆರಿಗೆಯಲ್ಲಿ ಹೇಗೆ ತೋರಿಸಬೇಕು ಅಂತ ಮಾತ್ರ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. 2021ರಲ್ಲಿ ನಮಗೆ ವಿಚ್ಛೇದನ ಆಯಿತು, ಪರಸ್ಪರ ಒಪ್ಪಿಗೆಯಿಂದಲೇ. ಮಕ್ಕಳು ನನ್ನ ಜೊತೆ ಇರುವುದು, ಅವರ ಅಪ್ಪ ತಿಂಗಳಿಗೆ 10,000 ರೂಪಾಯಿ ಕೊಡುವುದು, ತಿಂಗಳ ಎರಡನೇ ಭಾನುವಾರ ಮತ್ತು ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದು, ಇಷ್ಟು ಬರೆದುಕೊಂಡಿದ್ದೆವು. ಅವರು ದುಡ್ಡು ತಪ್ಪಿಸಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಇದನ್ನೊಂದು ಗಂಡ ಹೆಂಡಿರ ಜಗಳ ಅಂದುಕೊಳ್ಳುತ್ತಾರೆ.

2022ರ ಜೂನ್‌ನಲ್ಲಿ ಇಬ್ಬರ ಶಾಲೆ ಫೀ ಕಟ್ಟಲು ಹೋದೆ. ಪುಸ್ತಕ, ಯೂನಿಫಾರ್ಮ್, ವ್ಯಾನು, ಅಭಿವೃದ್ಧಿ ಶುಲ್ಕ ಎಲ್ಲ ಸೇರಿ ಇಬ್ಬರಿಗೂ ಆ ವರ್ಷ 91,000 ರೂಪಾಯಿ ಆಯಿತು. ಅದರಲ್ಲಿ ಬರೀ ಬೋಧನಾ ಶುಲ್ಕ ಮಗಳದು 34,000, ಮಗನದು 28,000. ಜೂನ್‌ನಲ್ಲಿ ಅರ್ಧ, ಅಕ್ಟೋಬರ್‌ನಲ್ಲಿ ಅರ್ಧ ಕಟ್ಟಿದೆ. ಎರಡು ಸಲವೂ ನನ್ನ ಸಂಬಳದ ಖಾತೆಯಿಂದಲೇ ಹೋಯಿತು. ರಸೀದಿಯಲ್ಲಿ ನೋಡಿದರೆ ಫೀ ಕೊಟ್ಟವರ ಜಾಗದಲ್ಲಿ ಮಕ್ಕಳ ಅಪ್ಪನ ಹೆಸರಿದೆ. ಕೌಂಟರಿನಲ್ಲಿದ್ದವರನ್ನು ಕೇಳಿದೆ. "ಮೇಡಂ, ಅಡ್ಮಿಷನ್ ಫಾರ್ಮ್‌ನಾಗೆ ತಂದೆ ಹೆಸರು ಐತಲ್ಲ, ಕಂಪ್ಯೂಟರ್ ಅದನ್ನೇ ತಗೋತೈತಿ, ನಮ್ಮ ಕೈಯಾಗಿಲ್ಲ" ಅಂದರು. ಒಳ್ಳೆಯ ಮನುಷ್ಯ, ಬೇಕಂತ ಮಾಡಿದ್ದಲ್ಲ. ಹಿಂದೆ ಸಾಲು ದೊಡ್ಡದಿತ್ತು. ರಸೀದಿ ಬ್ಯಾಗಿಗೆ ಹಾಕಿಕೊಂಡು ಬಂದೆ.

ಅದರ ಬೆಲೆ ಗೊತ್ತಾಗಿದ್ದು ಮುಂದಿನ ಜನವರಿಯಲ್ಲಿ. ಸಂಬಳದಲ್ಲಿ ತೆರಿಗೆ ಹಿಡಿಯುವ ಮುಂಚೆ ಉಳಿತಾಯದ ದಾಖಲೆ ಕೊಡಿ ಅಂತ ಕಾಲೇಜಿನಲ್ಲಿ ಕೇಳಿದರು. ಆಗಿನ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಂ ಅಡಿಯಲ್ಲಿ ಎಲ್‌ಐಸಿ, ಪಿಎಫ್ ಜೊತೆ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನೂ ತೋರಿಸಿ, ಅಷ್ಟು ಆದಾಯಕ್ಕೆ ತೆರಿಗೆ ಬೀಳದಂತೆ ಮಾಡಿಕೊಳ್ಳಬಹುದಿತ್ತು. ಎಲ್ಲ ಸೇರಿ ಮಿತಿ ಒಂದೂವರೆ ಲಕ್ಷ, 2014ರಿಂದ ಅಲ್ಲೇ ನಿಂತಿದೆ. (ಟ್ಯೂಷನ್ ಫೀ ಅಂದ ತಕ್ಷಣ ಸಂಜೆ ಕಳಿಸುವ ಟ್ಯೂಷನ್ ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಶಾಲೆ ಕಾಲೇಜಿನಲ್ಲಿ ಪಾಠಕ್ಕೆಂದು ಕಟ್ಟುವ ಫೀ ಮಾತ್ರ. ವ್ಯಾನು, ಡೊನೇಷನ್, ಅಭಿವೃದ್ಧಿ ಶುಲ್ಕ ಯಾವುದೂ ಸೇರುವುದಿಲ್ಲ.) ನನ್ನ ಎಲ್‌ಐಸಿ, ಪಿಎಫ್ ಎರಡೂ ಸೇರಿದರೂ 45,600 ರೂಪಾಯಿ ದಾಟುತ್ತಿರಲಿಲ್ಲ. ಫೀ ಸೇರಿಸಲು ಬೇಕಾದಷ್ಟು ಜಾಗ ಇತ್ತು. ಆದರೆ ಅಕೌಂಟ್ಸ್‌ನವರು ರಸೀದಿಯನ್ನು ಹಿಂದೆ ಮುಂದೆ ನೋಡಿ, "ಇದು ಬೇರೆಯವರ ಹೆಸರಲ್ಲಿದೆ, ತಗೊಳ್ಳೋಕಾಗಲ್ಲ" ಅಂದುಬಿಟ್ಟರು.

ಬೇರೆಯವರು! ನನ್ನ ಮಕ್ಕಳ ಫೀ, ನನ್ನ ದುಡ್ಡು. ಸಹೋದ್ಯೋಗಿಗಳ ಮುಂದೆ ಏನು ಹೇಳಲಿ? ವಿಚ್ಛೇದನದ ವಿಷಯ ಅಲ್ಲಿ ಎಲ್ಲರಿಗೂ ಗೊತ್ತಿರಲಿಲ್ಲ. ಸುಮ್ಮನೆ ವಾಪಸ್ ತಂದೆ.

ಆಗ ನನ್ನ ಸಂಬಳ ತಿಂಗಳಿಗೆ 68,000. ಇಂಥ ವಿನಾಯಿತಿಗಳಿರುವ ಹಳೇ ತೆರಿಗೆ ಪದ್ಧತಿಯಲ್ಲಿ ಶೇ 20ರ ಹಂತದಲ್ಲಿದ್ದೆ, ಸೆಸ್ ಸೇರಿ ಶೇ 20.8. 62,000 ರೂಪಾಯಿ ಫೀ ತೋರಿಸಿದ್ದರೆ 12,896 ರೂಪಾಯಿ ತೆರಿಗೆ ಉಳಿಯುತ್ತಿತ್ತು. ಆಗಿನ ಲೆಕ್ಕದಲ್ಲಿ ಅದು ನನ್ನ ಒಂದೂವರೆ ತಿಂಗಳ ಬಾಡಿಗೆ.

ಆರು ತಿಂಗಳು ಕಳೆದು ರಿಟರ್ನ್ಸ್ ಹಾಕಿಸಲು ಪಿ.ಜೆ. ಬಡಾವಣೆಯ ಆಡಿಟರ್ ಹತ್ತಿರ ಹೋದೆ. ನಮ್ಮಪ್ಪ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿದ್ದ ಒಂದು ಚಿಕ್ಕ ಸೈಟು ಮಾರಿ, ಮೊಮ್ಮಗಳ ಓದಿಗೆ ಅಂತ ಅವಳ ಹೆಸರಲ್ಲಿ ನಾಲ್ಕು ಲಕ್ಷ ಎಫ್‌ಡಿ ಇಟ್ಟಿದ್ದರು. ವರ್ಷಕ್ಕೆ ಬಡ್ಡಿ 28,000. ಆ ದುಡ್ಡಿನಲ್ಲಿ ನಾನು ಒಂದು ರೂಪಾಯಿ ಮುಟ್ಟಿಲ್ಲ. ಆಡಿಟರ್ ಬ್ಯಾಂಕಿನ ಕಾಗದ ನೋಡಿದವರೇ, "ಇದು ನಿಮ್ಮ ಆದಾಯಕ್ಕೆ ಸೇರುತ್ತೆ ಕಣಮ್ಮ" ಅಂದರು. ಮಗುವಿನ ದುಡ್ಡು ನನಗೆ ಹೇಗೆ ಸೇರುತ್ತೆ ಅಂತ ಕೇಳಿದೆ. ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 64(1ಎ) ಅಂತ ಒಂದು ಕಲಂ ಇತ್ತು. ಹದಿನೆಂಟು ತುಂಬದ ಮಗುವಿನ ಹೆಸರಲ್ಲಿ ಬರುವ ಬಡ್ಡಿ, ಬಾಡಿಗೆ ಇತ್ಯಾದಿಯನ್ನು ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಕೂಡಿಸಬೇಕು. ಮಗು ತನ್ನ ಕೈಕೆಲಸದಿಂದಲೋ ಪ್ರತಿಭೆಯಿಂದಲೋ ದುಡಿದದ್ದಾದರೆ ಕೂಡಿಸುವಂತಿಲ್ಲ. ಗಂಡ ಹೆಂಡತಿ ಜೊತೆಗಿದ್ದರೆ ಯಾರ ಆದಾಯ ಜಾಸ್ತಿಯೋ ಅವರಿಗೆ ಕೂಡುತ್ತದೆ. ಮದುವೆ ಮುರಿದಿದ್ದರೆ? ಆ ವರ್ಷ ಮಗುವನ್ನು ಯಾರು ಸಾಕಿದರೋ ಅವರಿಗೆ. ಹಳೇ ಪದ್ಧತಿಯಲ್ಲಿ ಒಂದು ಮಗುವಿಗೆ 1,500 ರೂಪಾಯಿ ಬಿಟ್ಟು ಉಳಿದದ್ದಕ್ಕೆಲ್ಲ ತೆರಿಗೆ. ಅಂದರೆ 26,500 ನನ್ನ ಲೆಕ್ಕಕ್ಕೆ ಬಂತು. ಅದಕ್ಕೆ 5,512 ರೂಪಾಯಿ ಕಟ್ಟಿದೆ.

ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಮಕ್ಕಳ ಹೆಸರಲ್ಲಿ ದುಡ್ಡಿಟ್ಟು ತೆರಿಗೆ ತಪ್ಪಿಸುವವರನ್ನು ತಡೆಯಲು ಆ ನಿಯಮ ಬೇಕೇ ಬೇಕು. ಆದರೆ ಸಂಪಾದಕರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿನ ಆದಾಯಕ್ಕೆ ತೆರಿಗೆ ಹಾಕುವಾಗ "ಮಗುವನ್ನು ಸಾಕುತ್ತಿರುವವರು ಯಾರು?" ಅಂತ ಕಾನೂನು ಸರಿಯಾಗಿ ಕೇಳುತ್ತದೆ, ನಾನು ಅಂತ ಉತ್ತರವನ್ನೂ ಪಡೆಯುತ್ತದೆ. ಅದೇ ಮಗುವಿನ ಫೀಗೆ ವಿನಾಯಿತಿ ಕೇಳಿದಾಗ ಎಂಟು ವರ್ಷದ ಹಿಂದೆ ತುಂಬಿದ ಯಾವುದೋ ಫಾರ್ಮಿನಲ್ಲಿರುವ ಹೆಸರು ಮುಂದೆ ಬರುತ್ತದೆ. ತೆರಿಗೆ ಕಟ್ಟುವಾಗ ತಾಯಿ, ಬಿಡಿಸಿಕೊಳ್ಳುವಾಗ ಬೇರೆಯವಳು. ಇದು ಸರಿಯಲ್ಲ ಅಲ್ವಾ?

ಇಲ್ಲಿ ಕಾನೂನಿನ ತಪ್ಪು ಎಷ್ಟು, ರೂಢಿಯ ತಪ್ಪು ಎಷ್ಟು ಅಂತ ಬಿಡಿಸಿ ನೋಡಬೇಕು. 80ಸಿ ಎಲ್ಲಿಯೂ "ತಂದೆ" ಅನ್ನುವುದಿಲ್ಲ. ಫೀಯನ್ನು ಯಾರು ಕಟ್ಟಿದರೋ ಅವರಿಗೆ ವಿನಾಯಿತಿ. ಅಪ್ಪ ಅರ್ಧ, ಅಮ್ಮ ಅರ್ಧ ಕಟ್ಟಿದರೆ ಇಬ್ಬರೂ ತಾವು ಕಟ್ಟಿದಷ್ಟನ್ನು ತೋರಿಸಬಹುದು. ಒಂದೇ ದುಡ್ಡನ್ನು ಇಬ್ಬರೂ ತೋರಿಸುವಂತಿಲ್ಲ, ಅಷ್ಟೇ. ಕಾಲೇಜಿನಲ್ಲಿ ತೆಗೆದುಕೊಳ್ಳದಿದ್ದರೂ ರಿಟರ್ನ್ಸ್ ಹಾಕುವಾಗ ನಾವೇ ತೋರಿಸಿ, ಬ್ಯಾಂಕಿನ ದಾಖಲೆ ಇಟ್ಟುಕೊಳ್ಳಬಹುದಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು 2024ರ ಮಾರ್ಚ್‌ನಲ್ಲಿ, ಬೇರೆ ಯಾವುದೋ ಕೆಲಸಕ್ಕೆ ಅದೇ ಆಡಿಟರ್ ಹತ್ತಿರ ಹೋಗಿದ್ದಾಗ ಮಾತಿಗೆ ಮಾತು ಬಂದು. "ಅಯ್ಯೋ, ಆವಾಗಲೇ ಹೇಳಬಾರದಿತ್ತಾ ಅಮ್ಮ" ಅಂದರು. ಆ ವರ್ಷದ ರಿಟರ್ನ್ಸ್ ತಿದ್ದಲು ಕೊನೇ ದಿನ 2023ರ ಡಿಸೆಂಬರ್ 31. ಅದಾದ ಮೇಲೆ ಅಪ್‌ಡೇಟೆಡ್ ರಿಟರ್ನ್ ಹಾಕಬಹುದಾದರೂ ಅದು ತೆರಿಗೆ ಜಾಸ್ತಿ ಕಟ್ಟುವವರಿಗೆ ಮಾತ್ರ, ವಾಪಸ್ ಕೇಳುವವರಿಗಲ್ಲ. ಹೋದದ್ದು ಹೋಯಿತು. ಕಾಲೇಜಿನವರು ಆಗಲ್ಲ ಅಂದಮೇಲೆ ಆಗಲ್ಲ ಅಂತ ನಾನು ನಂಬಿಬಿಟ್ಟಿದ್ದೆ. ನನ್ನಂತೆ ನಂಬಿದವರು ಈ ಊರಲ್ಲೇ ಎಷ್ಟು ಜನರಿದ್ದಾರೋ.

ಇನ್ನೊಂದು ಪೆಟ್ಟು ಬಾಕಿ ಇತ್ತು. ಫೀ, ಬಾಡಿಗೆ ಎಲ್ಲ ಏರಿದ್ದರಿಂದ ಮಕ್ಕಳ ಜೀವನಾಂಶ ಹೆಚ್ಚಿಸಿ ಅಂತ 2024ರಲ್ಲಿ ಕೋರ್ಟಿಗೆ ಅರ್ಜಿ ಹಾಕಿದೆ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಹಾಗೆ ಬಂದ ಕಾಗದಗಳಲ್ಲಿ ಮಕ್ಕಳ ಅಪ್ಪನ ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಲೆಕ್ಕದ ಪತ್ರ, ಇತ್ತು. ಅದರಲ್ಲಿ ಮಕ್ಕಳ ಬೋಧನಾ ಶುಲ್ಕ 62,000. ಜೊತೆಗೆ ನಾನು ಕಟ್ಟಿದ ಅದೇ ಫೀಯ ರಸೀದಿಗಳ ನಕಲು, ಶಾಲೆಯಿಂದ ತಂದಿದ್ದು. ಹೆಸರು ಅವರದೇ ಇರುವಾಗ ಶಾಲೆಯವರು ಕೊಡದೆ ಏನು ಮಾಡುತ್ತಾರೆ? "ಫೀಯನ್ನು ತಂದೆಯೇ ಭರಿಸುತ್ತಿದ್ದಾರೆ" ಅಂತ ಅವರ ವಕೀಲರು ಹೇಳಿದಾಗ ನನಗೆ ಗಂಟಲು ಕಟ್ಟಿತು. ಎರಡೂ ಕಂತಿನ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ಕೊಟ್ಟ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ಕೋರ್ಟಿನ ಹೊರಗೆ ಅವರನ್ನೇ ನೇರ ಕೇಳಿದೆ. "ತಿಂಗಳಿಗೆ ಹತ್ತು ಸಾವಿರ ನಾನು ಕೊಡ್ತಿದೀನಲ್ಲ, ಫೀ ಅದರಲ್ಲೇ ಅಲ್ವಾ ಹೋಗೋದು?" ಅಂದರು. ಅವರ ಮುಖ ನೋಡಿದರೆ ಮೋಸದ ಮಾತು ಅನ್ನಿಸಲಿಲ್ಲ. ಅವರು ನಿಜವಾಗಿಯೂ ಹಾಗೇ ತಿಳಿದಿದ್ದರು. ಯೋಚಿಸಿದರೆ ಅವರ ಕಡೆಯೂ ಒಂದು ನ್ಯಾಯ ಇದೆ. ವರ್ಷಕ್ಕೆ 1,20,000 ಮಕ್ಕಳಿಗೆಂದು ಕೊಡುತ್ತಾರೆ. ಜೀವನಾಂಶ ಕೊಟ್ಟವರಿಗೆ ನಮ್ಮ ತೆರಿಗೆ ಕಾನೂನಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಅವರೇ ನೇರವಾಗಿ ಶಾಲೆಗೆ ಫೀ ಕಟ್ಟಿದ್ದರೆ ವಿನಾಯಿತಿ ಅವರ ಹಕ್ಕು, ನಾನು ತುಟಿ ಬಿಚ್ಚುವಂತಿರಲಿಲ್ಲ. ನನ್ನ ಕೈಗೆ ಕೊಟ್ಟ ದುಡ್ಡು ಅಕ್ಕಿ, ಹಾಲು, ಔಷಧಿ, ಬಾಡಿಗೆಗೆ ಹೋಗಿ, ಫೀ ನನ್ನ ಸಂಬಳದಿಂದ ಹೋಗಿದೆ. ಈ ವ್ಯತ್ಯಾಸವನ್ನು ವಿಚ್ಛೇದನದ ಹೊತ್ತಿನಲ್ಲಿ ನಮಗಿಬ್ಬರಿಗೂ ಯಾರೂ ಬಿಡಿಸಿ ಹೇಳಲಿಲ್ಲ. ಬೀರು, ಒಡವೆ, ಸ್ಕೂಟರು ಯಾರಿಗೆ ಅಂತ ಎರಡು ಪುಟ ಬರೆದೆವು. ಫೀ ಯಾರ ಖಾತೆಯಿಂದ ಹೋಗಬೇಕು ಅಂತ ಒಂದು ಸಾಲು ಬರೆಯಲಿಲ್ಲ.

ನಮ್ಮ ಚಿಕ್ಕಮ್ಮನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳಿಗೂ ವಿಚ್ಛೇದನ ಆಗಿದೆ, ಒಬ್ಬ ಮಗ. ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅಲ್ಲಿ ಮಗುವನ್ನು ತನ್ನ ಅವಲಂಬಿತ ಅಂತ ತೆರಿಗೆಯಲ್ಲಿ ತೋರಿಸಲು ಒಬ್ಬರಿಗೇ ಅವಕಾಶ. ಅದನ್ನು ತೀರ್ಮಾನಿಸುವುದು ರಾತ್ರಿಗಳ ಲೆಕ್ಕದಿಂದ. ವರ್ಷದಲ್ಲಿ ಯಾರ ಮನೆಯಲ್ಲಿ ಮಗು ಹೆಚ್ಚು ರಾತ್ರಿ ಮಲಗಿತೋ ಮೊದಲ ಹಕ್ಕು ಅವರದು. ಲೆಕ್ಕ ಸಮ ಬಂದರೆ ಆದಾಯ ಜಾಸ್ತಿ ಇರುವವರದು. ಮಗು ತನ್ನ ಜೊತೆಗಿರುವ ತಾಯಿ ಅಥವಾ ತಂದೆ, 8332 ಅನ್ನುವ ಫಾರ್ಮಿಗೆ ಸಹಿ ಹಾಕಿ ಆ ವರ್ಷದ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಒಂದು ವರ್ಷ ನಿನಗೆ, ಒಂದು ವರ್ಷ ನನಗೆ ಅಂತ ಒಪ್ಪಂದ ಮಾಡಿಕೊಳ್ಳುವವರೂ ಇದ್ದಾರಂತೆ. ಅದರ ಮೇಲೆ ಅಲ್ಲಿ ಮಕ್ಕಳ ತೆರಿಗೆ ರಿಯಾಯಿತಿ ನಿಂತಿದೆ. 2025ರ ವರ್ಷಕ್ಕೆ ಒಂದು ಮಗುವಿಗೆ 2,200 ಡಾಲರ್‌ವರೆಗೆ.

ಅಲ್ಲೂ ಜಗಳ ಇಲ್ಲ ಅಂತಲ್ಲ. ಇಬ್ಬರೂ ಒಂದೇ ಮಗುವನ್ನು ತೋರಿಸಿ ತಾಪತ್ರಯಕ್ಕೆ ಸಿಕ್ಕವರ ಕತೆಗಳನ್ನು ಅವಳೇ ಹೇಳಿದಳು. ಆದರೆ ರಾತ್ರಿ ಎಣಿಸುವ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಆಮೇಲೆ ಕ್ಯಾಲೆಂಡರ್ ತೆಗೆದು ನಾನೂ ಎಣಿಸಿದೆ. ಎರಡನೇ ಭಾನುವಾರ ಸಂಜೆಗೆ ಮಕ್ಕಳು ವಾಪಸ್ ಬರುತ್ತಾರೆ, ರಾತ್ರಿ ಅಲ್ಲಿ ಇರುವುದಿಲ್ಲ. ದಸರಾದಲ್ಲಿ ಹತ್ತು ರಾತ್ರಿ ಅಲ್ಲಿರುತ್ತಾರೆ. ಉಳಿದ 355 ರಾತ್ರಿ ನನ್ನ ಪಕ್ಕದಲ್ಲಿ. ಮಗನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಾಗ ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ಕಳೆದ ನಾಲ್ಕು ರಾತ್ರಿಗಳೂ ಅದರಲ್ಲಿವೆ. ನಮ್ಮ ಯಾವ ಫಾರ್ಮಿನಲ್ಲೂ ಆ ಪ್ರಶ್ನೆ ಇಲ್ಲ.

ಮಕ್ಕಳನ್ನು ನೋಡಿ ತೆರಿಗೆ ಹಾಕುವುದು ನಮ್ಮ ದೇಶಕ್ಕೂ ಹೊಸದಲ್ಲ. 1958ರ ಬಜೆಟ್ ಹೊತ್ತಿಗೆ ಮದುವೆಯಾದವರಿಗೆ ಮಕ್ಕಳಿಲ್ಲದಿದ್ದರೆ 3,000 ರೂಪಾಯಿವರೆಗೆ, ಒಂದು ಮಗುವಿದ್ದರೆ 3,300ರವರೆಗೆ, ಎರಡಿದ್ದರೆ 3,600ರವರೆಗೆ ತೆರಿಗೆ ಇರಲಿಲ್ಲ. ಆ ಪದ್ಧತಿ ಹೋಯಿತು. ಈಗ ಮಗು ಇದೆ ಅನ್ನುವ ಒಂದೇ ಕಾರಣಕ್ಕೆ ಸಿಗುವ ವಿನಾಯಿತಿ ಇಲ್ಲ. ಫೀ ಕಟ್ಟಿದರೆ, ವಿಮೆ ಮಾಡಿಸಿದರೆ, ಮಗುವಿಗೆ ಅಂಗವೈಕಲ್ಯ ಇದ್ದರೆ, ಹೀಗೆ ಬಿಡಿ ಬಿಡಿಯಾಗಿ ಹಳೇ ಪದ್ಧತಿಯಲ್ಲಿ ಉಳಿದುಕೊಂಡಿವೆ.

ತಾಯಿ ಹೆಸರಿನ ವಿಷಯದಲ್ಲಂತೂ ಸರ್ಕಾರವೇ ಮುಂದೆ ಹೋಗಿದೆ. ತಾಯಿ ಒಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಕಾರ್ಡ್ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದಿಲ್ಲ ಅಂತ ಆದಾಯ ತೆರಿಗೆ ಇಲಾಖೆ 2018ರ ಡಿಸೆಂಬರ್‌ನಿಂದಲೇ ನಿಯಮ ಬದಲಿಸಿತು. ಅದಕ್ಕೂ ಮೊದಲು, 1999ರಲ್ಲಿ, ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪ್ಪ ಬದುಕಿದ್ದರೂ ಮಗುವಿನ ಹೊಣೆ ಹೊತ್ತಿಲ್ಲದಿದ್ದಾಗ ತಾಯಿಯೇ ಸಹಜ ಪೋಷಕಿ ಆಗಬಹುದು ಅಂದಿತು. ಆ ಪ್ರಕರಣ ಶುರುವಾಗಿದ್ದೂ ದುಡ್ಡಿನ ಕಾಗದದಿಂದಲೇ. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕ್ ಬಾಂಡ್ ಕೊಳ್ಳುವಾಗ ತಾಯಿಯ ಸಹಿ ಸಾಲದು ಅಂದಿದ್ದಕ್ಕೆ. ಇಷ್ಟೆಲ್ಲ ಆದಮೇಲೂ ನಮ್ಮ ಊರಿನ ಶಾಲೆಯ ಕೌಂಟರಿನಲ್ಲಿ ಕಂಪ್ಯೂಟರ್ ಒಂದೇ ಹೆಸರು ಹಿಡಿದುಕೊಂಡು ಕೂತಿದೆ.

ಹೊಸ ತೆರಿಗೆ ಪದ್ಧತಿ ಬಂದಿದೆಯಲ್ಲ, ಇನ್ನು ಈ ಮಾತೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ನಿಜ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ನಾನೂ ಅದಕ್ಕೇ ಬದಲಾಯಿಸಿಕೊಂಡಿದ್ದೇನೆ, ಈ ವರ್ಷ ನನಗೆ ಒಂದು ರೂಪಾಯಿ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ 80ಸಿ ಇಲ್ಲವೇ ಇಲ್ಲ. ಆದರೆ ಮನೆ ಸಾಲ, ಬಾಡಿಗೆ ಭತ್ಯೆ ಅಂತ ಹಳೇ ಪದ್ಧತಿಯಲ್ಲೇ ಉಳಿದವರಿದ್ದಾರೆ. ಆದಾಯ ಜಾಸ್ತಿ ಇರುವವರಿಗೆ ಫೀಯ ವಿನಾಯಿತಿ ಸಣ್ಣದಲ್ಲ. ಅಲ್ಲದೆ ಮಗುವಿನ ಬಡ್ಡಿಯನ್ನು ಸಾಕುವವರ ಆದಾಯಕ್ಕೆ ಕೂಡಿಸುವ ನಿಯಮ ಹೊಸ ಪದ್ಧತಿಯಲ್ಲೂ ಇದೆ, ಆ 1,500 ಮಾತ್ರ ಹೋಗಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 80ಸಿ ಜಾಗಕ್ಕೆ 123ನೇ ಕಲಂ ಬಂದಿದೆ. ಸಂಖ್ಯೆ ಬದಲಾಯಿತು, ಮಗುವನ್ನು ಒಬ್ಬರೇ ಸಾಕುವವರಿಗೆ ಅಂತ ಒಂದು ಸಾಲು ಸೇರಲಿಲ್ಲ. ಕೂಡಿಸುವ ಕಲಂನಲ್ಲಿರುವ "ಮಗುವನ್ನು ಸಾಕುವವರು" ಅನ್ನುವ ಆ ಮಾತನ್ನೇ ವಿನಾಯಿತಿ ಕೊಡುವ ಕಡೆಯೂ ತನ್ನಿ ಅನ್ನುವುದು ನನ್ನ ಬೇಡಿಕೆ. ನಮ್ಮ ಭಾಗದ ಸಂಸದರು ಮುಂದಿನ ಬಜೆಟ್‌ಗೆ ಮುಂಚೆ ಇದನ್ನು ಒಮ್ಮೆ ಎತ್ತಬೇಕು.

ಇನ್ನು ಆ ರಸೀದಿ. ತೆರಿಗೆ ಶೂನ್ಯವಾದರೂ ಅದು ಕೋರ್ಟಿನಲ್ಲಿ ಸಾಕ್ಷಿಯಾಗಿ ಬರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಸರಿ ಮಾಡಲು ಸಂಸತ್ತು ಬೇಡ. ದಾವಣಗೆರೆ ಶಾಲೆಗಳ ಆಡಳಿತದವರಲ್ಲಿ ಕೈಮುಗಿದು ಕೇಳುತ್ತೇನೆ: ರಸೀದಿಯಲ್ಲಿ "ಹಣ ಕಟ್ಟಿದವರು" ಅಂತ ಒಂದು ಖಾನೆ ಇಡಿ, ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸಿ. ನಕಲು ಕೇಳಿಕೊಂಡು ಬಂದವರಿಗೆ ಕೊಡುವ ಮುಂಚೆ ಯಾರ ಖಾತೆಯಿಂದ ದುಡ್ಡು ಬಂದಿದೆ ಅಂತ ನೋಡಿ. ಫೀ ಕಟ್ಟುವ ತಾಯಂದಿರೂ ನಗದು ಕೊಡಬೇಡಿ. ನಿಮ್ಮ ಖಾತೆಯಿಂದಲೇ ಕಟ್ಟಿ, ರಸೀದಿಯ ಹಿಂದೆ ಆ ದಿನದ ಸ್ಟೇಟ್‌ಮೆಂಟ್ ಪಿನ್ ಮಾಡಿ ಇಡಿ.

ವಕೀಲರಲ್ಲಿ ಒಂದು ವಿನಂತಿ. ಪರಸ್ಪರ ಒಪ್ಪಿಗೆಯ ಅರ್ಜಿ ಬರೆಸಲು ನಿಮ್ಮ ಹತ್ತಿರ ಬರುವವರು ಅಳುಮುಖದಲ್ಲಿ ಬರುತ್ತಾರೆ, ಬೇಗ ಮುಗಿದರೆ ಸಾಕು ಅನ್ನುತ್ತಾರೆ. ನಾನೂ ಹಾಗೇ ಬಂದಿದ್ದೆ. ಆ ಹೊತ್ತಿನಲ್ಲಿ ಅವರಿಗೆ ಹೊಳೆಯದ ಒಂದು ಷರತ್ತನ್ನು ನೀವೇ ಸೇರಿಸಿ. ನಮ್ಮ ಒಪ್ಪಂದದಲ್ಲಿ ಹೀಗಿದ್ದಿದ್ದರೆ ಸಾಕಿತ್ತು: "ಮಗಳ ಶಾಲಾ ಶುಲ್ಕವನ್ನು ತಂದೆ ತನ್ನ ಖಾತೆಯಿಂದ ನೇರವಾಗಿ ಶಾಲೆಗೆ ಕಟ್ಟತಕ್ಕದ್ದು, ಮಗನದನ್ನು ತಾಯಿ ಕಟ್ಟತಕ್ಕದ್ದು, ತಾವು ಕಟ್ಟಿದ್ದನ್ನು ಮಾತ್ರ ತಮ್ಮ ತಮ್ಮ ತೆರಿಗೆಯಲ್ಲಿ ತೋರಿಸತಕ್ಕದ್ದು, ರಸೀದಿ ಕಟ್ಟಿದವರ ಹೆಸರಿನಲ್ಲೇ ಇರತಕ್ಕದ್ದು."

ಇಂತಿ,
ಒಬ್ಬ ತಾಯಿ
ನಿಟ್ಟುವಳ್ಳಿ, ದಾವಣಗೆರೆ

(ಮಕ್ಕಳು ಇದೇ ಊರಿನಲ್ಲಿ ಓದುತ್ತಿರುವುದರಿಂದ ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.)